ಗುಡ್ಡೆ ಹಾಕುವವನ ಆಣೆ

ಬಿ.ಜಿ. ಕೆರೆಯ ಮೂಡಲಗಿರಿಯಪ್ಪನ ಗ್ರಹಚಾರ ಕೆಟ್ಟದ್ದು ಒಂದು ಟಗರಿನಿಂದ. ಅದನ್ನು ಎತ್ತಿ ಟೆಂಪೋಗೆ ಹಾಕುವಾಗ ಎಡ ಹೆಗಲು ಹಿಡಿದುಕೊಂಡಿತು. ಹೆಂಡತಿ ನಾಗಕ್ಕ ಇದು ಎದೆಯ ಕಾಯಿಲೆಯೇ ಎಂದು ತೀರ್ಮಾನಿಸಿ, ಶನಿವಾರ ಗಂಡನನ್ನು ಚಳ್ಳಕೆರೆಯ ಬಸ್ಸು ಹತ್ತಿಸಿದಳು. ಲ್ಯಾಬಿನಲ್ಲಿ ರಕ್ತ ಕೊಟ್ಟು ಕೂತಿದ್ದಾಗ ಊರಿನ ನಿವೃತ್ತ ಮೇಷ್ಟ್ರು ನಾಗೇಂದ್ರಪ್ಪ ಸಿಕ್ಕಿದರು. ಅವರೂ ರಕ್ತ ಕೊಟ್ಟಾಗಿತ್ತು. ತಮ್ಮ ರಿಪೋರ್ಟನ್ನೂ ಇಸಕೊಂಡು ಬರಲು ಇವನಿಗೇ ಹೇಳಿ ಮಧ್ಯಾಹ್ನದ ಬಸ್ಸು ಹಿಡಿದರು.

ಸಂಜೆ ಎರಡು ಲಕೋಟೆ ಇಸಕೊಂಡು ಒಂದನ್ನು ಮುಂದಿಟ್ಟಾಗ, ಡಾಕ್ಟರು ರಿಪೋರ್ಟಿನ ಅಂಕಿಗಳ ಮೇಲೆ ಬೆರಳಾಡಿಸಿ, ರಕ್ತದಲ್ಲಿ ಕೊಬ್ಬು ತುಂಬಿ ತುಳುಕುತ್ತಿದೆ, ಇನ್ನು ಮಾಂಸದ ಹತ್ತಿರ ಸುಳಿಯಬೇಡ ಎಂದುಬಿಟ್ಟರು. ಕುರಿ ಸಾಕಿ, ಕುರಿ ಮಾರಿ, ಭಾನುವಾರ ಬಂತೆಂದರೆ ಕುರಿಯನ್ನೇ ಉಂಡು ಐವತ್ತೈದು ದಾಟಿದವನು ಮೂಡಲಗಿರಿಯಪ್ಪ. ಬಸ್ಸಿನಲ್ಲಿ ಊರು ಬರುವತನಕ ಕಣ್ಣೊರೆಸಿಕೊಂಡು, ಇಳಿದವನೇ ಮೇಷ್ಟ್ರ ಲಕೋಟೆಯನ್ನು ಅವರ ಮನೆಗೆ ಮುಟ್ಟಿಸಿದ. ಡಾಕ್ಟರ ಮಾತನ್ನು ಹೊರಗೆ ಹೇಳುವಂತೆಯೂ ಇರಲಿಲ್ಲ. ಕುರಿ ಮಾರುವವನೇ ಕುರಿ ತಿಂದು ಕೆಟ್ಟ ಎಂದರೆ ಅವನ ಹಿಂಡಿನ ಕಡೆ ಯಾರು ತಿರುಗಿ ನೋಡುತ್ತಾರೆ?

ಭಾನುವಾರ ಬೆಳಿಗ್ಗೆಯೇ ಬೊಮ್ಮಣ್ಣ ಬಾಗಿಲಿಗೆ ಬಂದ. ವಾರವಾರ ಗುಡ್ಡೆ ಮಾಂಸದ ಏರ್ಪಾಡು ಅವನದು. ಇಪ್ಪತ್ತು ಮನೆಯವರು ಸೇರಿ ಮರಿ ಕೊಯ್ಯುವುದು, ಟಾರ್ಪಾಲಿನ ಮೇಲೆ ಇಪ್ಪತ್ತು ಸಮ ಗುಡ್ಡೆ ಹಾಕಿ ಮನೆಗೊಂದು ಒಯ್ಯುವುದು. ನಿನ್ನದೊಂದು ಗುಡ್ಡೆ ತಾನೆ ಎಂದು ಅವನು ಕೇಳಿದಾಗ ಮೂಡಲಗಿರಿಯಪ್ಪನ ನಾಲಿಗೆ ತಾನಾಗಿಯೇ ಹೊರಳಿತು.

"ಬಿಟ್ಟೀನಿ ಕಣಣ್ಣ. ರಾತ್ರಿ ಕನಸಿನಾಗೆ ದೇವ್ರು ಬಂದು, ಮಾಂಸ ಬಿಡು ಅಂತು."

ಹತ್ತು ನಿಮಿಷದಲ್ಲಿ ಅರ್ಧ ಊರು ಅಂಗಳದಲ್ಲಿತ್ತು. ಯಾವ ದೇವರು ಎಂಬುದೇ ದೊಡ್ಡ ತಕರಾರು. ಮಾರಮ್ಮನಂತೂ ಅಲ್ಲ, ಆಕೆ ತಾನೇ ಮರಿ ಕೇಳುವವಳು. ತಿಮ್ಮಪ್ಪ ಇರಬಹುದು ಎಂದ ಗುಡ್ಡೆ ಹಾಕುವ ಪೆದ್ದಣ್ಣ. ಆದರೆ ಅವನು ಶನಿವಾರವೊಂದೇ ಬಿಡಿಸುವ ದೇವರಲ್ಲವೇ ಎಂದು ತಾನೇ ಅನುಮಾನಪಟ್ಟ. ಮುಖ ಕಾಣಲಿಲ್ಲ, ದನಿ ಮಾತ್ರ ಕೇಳಿಸಿತು ಎಂದು ಮೂಡಲಗಿರಿಯಪ್ಪ ತಪ್ಪಿಸಿಕೊಂಡ. ನಾಗಕ್ಕ ಗಂಡ ಕಾವಿ ಉಡುತ್ತಾನೇನೋ ಎಂದು ಸೆರಗು ಬಾಯಿಗಿಟ್ಟುಕೊಂಡಳು. ಪಕ್ಕದ ಮನೆಯ ಚಿಕ್ಕಕ್ಕ, ಎಲುಬಿನ ರಸ ನಿಂತರೆ ತಿಂಗಳೊಳಗೆ ಮೊಣಕಾಲು ಸಡಿಲುತ್ತದೆ ಎಂದು ಹೆದರಿಸಿ, ಕಾಲಿನ ಸೂಪು ತಂದು ಮೂಗಿನ ಕೆಳಗೇ ಹಿಡಿದಳು. ಅವನು ಉಸಿರು ಬಿಗಿಹಿಡಿದು ಕೂತ.

ಆಗ ಬಂದವರು ನಾಗೇಂದ್ರಪ್ಪ ಮೇಷ್ಟ್ರು. ಹುಟ್ಟಿದಾಗಿನಿಂದ ಮೊಟ್ಟೆ ಕೂಡ ಮುಟ್ಟದವರು, ಖುಷಿಯಿಂದ ಮೂಡಲಗಿರಿಯಪ್ಪನ ಕೈ ಹಿಡಿದುಕೊಂಡರು. ಶರಣರ ದಯೆ, ಜೈನರ ಅಹಿಂಸೆ ಎಲ್ಲ ಮುಗಿಸಿ ಆರೋಗ್ಯಕ್ಕೆ ಬಂದರು. ಮಾಂಸ ಬಿಟ್ಟವನ ರಕ್ತ ಕೆರೆಯ ತಿಳಿನೀರಿನಂತಿರುತ್ತದೆ ಎಂದರು. ಮಾತಿನ ಮಧ್ಯೆ ಬಿಪಿಯದೊಂದು, ಸಕ್ಕರೆಯದೊಂದು ಮಾತ್ರೆ ನುಂಗಿದರು. ಅದೇನು ಎಂದು ಪೆದ್ದಣ್ಣ ಕೇಳಿದ್ದಕ್ಕೆ, ಇದು ವಂಶದಿಂದ ಬಂದದ್ದು, ಊಟದಿಂದಲ್ಲ ಎಂದು ವಿವರಿಸಿದರು.

ಬೊಮ್ಮಣ್ಣನ ತಲೆಯಲ್ಲಿ ಮಾತ್ರ ಬೇರೆಯೇ ಲೆಕ್ಕ. ಗುಡ್ಡೆ ಹಾಕುವ ಪೆದ್ದಣ್ಣನ ಪಾಲಿಗೇ ಪ್ರತಿ ವಾರ ಕಾರಿಜ, ಎಂದರೆ ಮರಿಯ ಲಿವರು, ಬೀಳುತ್ತಿತ್ತು, ಪ್ರತಿ ವಾರ ಜಗಳವಾಗುತ್ತಿತ್ತು.

"ತಿನ್ನದೋನೇ ಗುಡ್ಡೆ ಹಾಕಿದ್ರೆ ಜಗಳ ಎಲ್ಲೈತೆ?" ಎಂದ.

ಪೆದ್ದಣ್ಣನೊಬ್ಬನನ್ನು ಬಿಟ್ಟು ಎಲ್ಲರೂ ಒಪ್ಪಿದರು. ಗುಡ್ಡೆ ಹಾಕುವವನು ಕತ್ತಿಯನ್ನು ಕಣ್ಣಿಗೊತ್ತಿಕೊಂಡು, ಸಮನಾಗಿ ಹಾಕುತ್ತೇನೆಂದು ಮಾರಮ್ಮನ ಆಣೆ ಇಡುವುದು ವಾಡಿಕೆ. ಈ ಸಲ ಬೊಮ್ಮಣ್ಣ ಆಣೆಗೆ ಒಂದು ಮಾತು ಸೇರಿಸಿದ: ಉಸಿರಿರುವತನಕ ಮಾಂಸ ಮುಟ್ಟುವುದಿಲ್ಲ. ಡಾಕ್ಟರು ಹೇಗೂ ಬಿಡಿಸಿಯಾಗಿದೆ, ಆಣೆಯಿಂದ ನನಗೇನು ನಷ್ಟ ಎಂದುಕೊಂಡ ಮೂಡಲಗಿರಿಯಪ್ಪ, ಊರಿಗೆಲ್ಲ ಕೇಳುವಂತೆ ಆಣೆ ಇಟ್ಟ.

ಊರ ಕಟ್ಟೆಯ ಮುಂದೆ ಹಾಸಿದ ಟಾರ್ಪಾಲಿನ ಮೇಲೆ ಗುಡ್ಡೆಗಳೂ ಹಾಗೇ ಬಿದ್ದವು. ಕಾರಿಜವನ್ನೇ ಇಪ್ಪತ್ತು ಚೂರು ಮಾಡಿದ. ನಲ್ಲಿ ಮೂಳೆ ಇಡುವಾಗ ಅವನ ಕಣ್ಣಲ್ಲಿ ನೀರು ಬಂತು. ಜನ ಅದನ್ನು ಭಕ್ತಿ ಎಂದುಕೊಂಡರು.

ಮೂಗಿಗೆ ಟವೆಲ್ಲು ಹಿಡಿದು ದೂರ ನಿಂತಿದ್ದ ಮೇಷ್ಟ್ರಿಗೆ ಈ ಶುಭಗಳಿಗೆಯಲ್ಲಿ ಒಂದು ಉದಾಹರಣೆ ಕೊಡದೆ ಇರಲಾಗಲಿಲ್ಲ. ಇನ್ನೂ ಬಿಡಿಸದ ತಮ್ಮ ಲಕೋಟೆಯನ್ನು ಜೇಬಿನಿಂದ ತೆಗೆದು, ಮೂಡಲಗಿರಿಯಪ್ಪನ ಕಾಲೇಜು ಓದುವ ಮಗಳು ಸ್ವಪ್ನಳ ಕೈಗೆ ಕೊಟ್ಟರು.

"ಓದಮ್ಮ, ಎಲ್ಲರಿಗೂ ಕೇಳಲಿ. ಅರವತ್ತೆಂಟು ವರ್ಷದ ಶುದ್ಧ ರಕ್ತ."

ಸಕ್ಕರೆ ಸರಿ, ಕೊಬ್ಬು ಸರಿ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಅವಳು ಓದಿದ ಒಂದೊಂದಕ್ಕೂ ಮೇಷ್ಟ್ರು ತಲೆದೂಗಿದರು. ಕೊನೆಗೆ ಸ್ವಪ್ನ ಕಾಗದದ ತಲೆಬರಹ ನೋಡಿ ಹುಬ್ಬು ಗಂಟಿಕ್ಕಿದಳು.

"ಮೇಷ್ಟ್ರೇ, ಇದ್ರಾಗೆ ನಮ್ಮಪ್ಪನ ಹೆಸ್ರೈತೆ."

ಮೂಡಲಗಿರಿಯಪ್ಪ ಮನೆಗೆ ಓಡಿ ಟ್ರಂಕಿನಿಂದ ಇನ್ನೊಂದನ್ನು ತಂದ. ಅದರ ಮೇಲೆ ಇಂಗ್ಲಿಷಿನಲ್ಲಿ ಇದ್ದದ್ದು ಮೇಷ್ಟ್ರ ಹೆಸರು. ಅದನ್ನು ಓದಿದ ಮೇಷ್ಟ್ರು ಮೆಲ್ಲಗೆ ಕಟ್ಟೆಯ ಮೇಲೆ ಕೂತರು. ಡಾಕ್ಟರು ಆ ರಕ್ತಕ್ಕೆ ಹೇಳಿದ ಔಷಧಿ ಮಾಂಸ ಬಿಡುವುದು. ಬಿಡೋಣವೆಂದರೆ ಮೇಷ್ಟ್ರ ಹತ್ತಿರ ಏನಿತ್ತು?

ಮೂಡಲಗಿರಿಯಪ್ಪನಿಗೆ ಹೋದ ಜೀವ ಬಂದಂತಾಯಿತು. ಕನಸೂ ಇಲ್ಲ, ದೇವರೂ ಬಂದಿಲ್ಲ, ಎಲ್ಲ ಲಕೋಟೆ ಅದಲುಬದಲಾಗಿದ್ದರ ಫಲ ಎಂದು ಒಪ್ಪಿಕೊಂಡು ತನ್ನದೂ ಒಂದು ಗುಡ್ಡೆ ಇಡಲು ಬೇಡಿದ. ಬೊಮ್ಮಣ್ಣ ಟಾರ್ಪಾಲಿಗೆ ಅಡ್ಡ ನಿಂತ.

"ಕನಸು ಸುಳ್ಳಿರಬೌದು ಕಣಪ್ಪ, ಆಣೆ ನಿಜ ತಾನೆ? ರಕ್ತ ಬೇರೆ ಚೆನ್ನಾಗೈತೆ. ಇನ್ನೂ ಮೂವತ್ತು ವರ್ಷ ನೀನೇ ಗುಡ್ಡೆ ಹಾಕ್ತೀಯ ಬಿಡು."

ಮಧ್ಯಾಹ್ನ ಊರಿಗೆ ಊರೇ ಮಸಾಲೆ ವಾಸನೆ. ನಾಗಕ್ಕ ಬೊಮ್ಮಣ್ಣನಿಗೆ ಗುಟ್ಟಾಗಿ ಹೇಳಿ ಒಂದು ಗುಡ್ಡೆ ತರಿಸಿದ್ದಳು. ಮೂಡಲಗಿರಿಯಪ್ಪನ ಮುದ್ದೆಯ ಪಕ್ಕಕ್ಕೆ ಬಂದದ್ದು, ಊಟ ಸೇರದೆ ಮೇಷ್ಟ್ರು ಕಳಿಸಿಕೊಟ್ಟಿದ್ದ ಸೊಪ್ಪಿನ ಸಾರು. ಅವನು ಮಾಂಸದ ಪಾತ್ರೆಯ ಕಡೆ ಬೆರಳು ತೋರಿಸಿದ.

"ಆಣೆ ಇಟ್ಟೋನು ನೀನೊಬ್ನೇ ತಾನೆ?" ಎಂದು ನಾಗಕ್ಕ ನಲ್ಲಿ ಮೂಳೆಯನ್ನು ಮಗಳ ತಟ್ಟೆಗೆ ಹಾಕಿದಳು.