ಸುಕ್ಕಿಲ್ಲದ ರೆಕ್ಕೆ

ಮೀಟರಣ್ಣ ತನ್ನ ಸಾಕ್ಸನ್ನು ಇಸ್ತ್ರಿ ಪೆಟ್ಟಿಗೆಗೆ ತೊಡಿಸಿದ್ದೇ ಅಂದಿನ ರಾದ್ಧಾಂತಕ್ಕೆ ಕಾರಣ.

“ಕಾಲಿಗೆ ಹಾಕೋದನ್ನ ಅದಕ್ಕೆ ಹಾಕಿದೀರಲ್ಲ, ತಲೆ ನೆಟ್ಟಗಿದೆಯಾ?” ಎಂದಳು ಹೆಂಡತಿ. ಅವಳ ದನಿ ಮಹಡಿ ಮುಟ್ಟಿತು.

“ಒಗೆದಿರೋದೇ ಕಣೇ. ಬರೀ ಪೆಟ್ಟಿಗೆ ತಾಗಿದ್ರೆ ಹಾಳೆಗೆ ಗೀರು ಬೀಳತ್ತೆ.”

ಹಗಲೆಲ್ಲ ಮನೆಮನೆಯ ನೀರಿನ ಮೀಟರ್ ಓದಲು ಬಗ್ಗಿ ಬಗ್ಗಿ ಬೇಸತ್ತ ಆತನಿಗೆ, ಒಮ್ಮೆಯಾದರೂ ತಲೆಯೆತ್ತಿ ತನ್ನದೇ ಪುಟ್ಟ ವಿಮಾನ ಹಾರಿಸಬೇಕೆಂಬ ಆಸೆ. ಹಗುರ ಮರದ ಕಡ್ಡಿಗಳಿಂದ ವಿಮಾನವೇನೋ ಸಿದ್ಧವಾಗಿತ್ತು. ಬಿಸಿ ತಾಗಿದರೆ ಬಿಗಿದುಕೊಳ್ಳುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ಅದರ ಮೈಗೆ ಹೊದಿಸಬೇಕಿತ್ತು. ವಿಮಾನ ಹಾರಿಸುವವರ ಸಂಘದ ಹಿರಿಯರೆಂದರೆ ಔಷಧಿ ಅಂಗಡಿಯ ಯಜಮಾನರು. ಹೊಸಬರ ರೆಕ್ಕೆಯಲ್ಲಿ ಒಂದು ಸುಕ್ಕು ಕಂಡರೂ ಹಾರಿಸಲು ಬಿಡರು. ಈತನನ್ನು ಆಗಲೇ ಎರಡು ಸಲ ವಾಪಸು ಕಳಿಸಿದ್ದರು. ಇಂದು ಸಂಜೆ ಮತ್ತೆ ಪರೀಕ್ಷೆ.

ರೆಕ್ಕೆಯ ಮೇಲ್ಭಾಗಕ್ಕೆ ಹಾಳೆ ಹಾಸಿ, ಮಗುವಿನ ಕೆನ್ನೆ ಸವರಿದಂತೆ ಅಂಚು ಸವರಿ ಅಂಟಿಸುತ್ತಿದ್ದಾಗ, ಗಲಾಟೆ ಕೇಳಿ ಮಹಡಿಯ ನಿವೃತ್ತ ಮೇಷ್ಟ್ರು ಇಳಿದುಬಂದರು.

“ಏನಯ್ಯ, ನನ್ನ ಹಣೆಗಿಂತ ಜಾಸ್ತಿ ಸುಕ್ಕಿದೆ! ಬಿಸಿ ಏರಿಸು.”

“ಬೇಡಿ ಸಾರ್, ಕೆಳಭಾಗಕ್ಕೆ ಇನ್ನೂ ಹಾಳೆ...”

“ನಾನ್ ಹೇಳ್ತಿಲ್ವಾ!” ಎಂದು ಮೇಷ್ಟ್ರೇ ಗುಂಡಿ ತಿರುಗಿಸಿ, ಪೆಟ್ಟಿಗೆ ಕಸಿದು ರೆಕ್ಕೆಯುದ್ದಕ್ಕೂ ಉಜ್ಜಿಬಿಟ್ಟರು.

ಸುಕ್ಕೇನೋ ಮಾಯ. ಆದರೆ ಒಂದೇ ಕಡೆ ಬಿಗಿದ ಹಾಳೆ ಇಡೀ ರೆಕ್ಕೆಯನ್ನು ಬಾಳೆಹಣ್ಣಿನಂತೆ ಬಾಗಿಸಿತು.

“ಹಕ್ಕಿ ರೆಕ್ಕೆನೂ ಹೀಗೇ ಇರತ್ತಪ್ಪ,” ಎನ್ನುತ್ತ ಮೇಷ್ಟ್ರು ಮೆಲ್ಲನೆ ಜಾರಿಕೊಂಡರು.

ಬೇರೆಯವರಾಗಿದ್ದರೆ ಪೆಟ್ಟಿಗೆಯನ್ನು ಮೇಷ್ಟ್ರ ಹಿಂದೆಯೇ ಎಸೆಯುತ್ತಿದ್ದರು. ಮೀಟರಣ್ಣ ಬೆವರೊರೆಸಿಕೊಂಡು ಬಿಸಿ ತಗ್ಗಿಸಿದ. ಕೆಳಭಾಗಕ್ಕೂ ಹಾಳೆ ಅಂಟಿಸಿ ಹೆಂಡತಿಯನ್ನು ಕರೆದ.

“ಈ ತುದಿ ಹಿಡ್ಕೊ. ಬಾಗಿರೋದಕ್ಕೆ ಎದುರಾಗಿ ಚೂರು ಬಗ್ಗಿಸು. ಉಸಿರೂ ಬಿಡಬೇಡ.”

“ಉಸಿರು ಬಿಡದೆ ಸಾಯ್ಲಾ?” ಎಂದು ಗೊಣಗಿದರೂ ಅವಳು ಅಲುಗದೆ ಹಿಡಿದಳು.

ಆತ ಮೆಲ್ಲಮೆಲ್ಲನೆ ಬಿಸಿ ತಾಗಿಸುತ್ತ ಹೋದ. ಬೈಸಿಕೊಂಡ ಮಕ್ಕಳಂತೆ ಸುಕ್ಕುಗಳು ಒಂದೊಂದಾಗಿ ಓಡಿಹೋದವು. ರೆಕ್ಕೆ ನೆಟ್ಟಗಾಯಿತು. ಹೆಂಡತಿ ಅದರ ಹೊಳಪಿನಲ್ಲಿ ಮುಖ ನೋಡಿ ಕೂದಲು ಸರಿಮಾಡಿಕೊಂಡಳು.

“ರೀ, ನಿಮ್ಮ ಕೈಯಲ್ಲಿ ಇಷ್ಟೆಲ್ಲ ಇದೆ ಅಂತ ಗೊತ್ತೇ ಇರ್ಲಿಲ್ಲ!”

ಸಂಜೆ ಮೈದಾನದಲ್ಲಿ ಯಜಮಾನರು ಕನ್ನಡಕ ಏರಿಸಿ, ಇಳಿಸಿ, ರೆಕ್ಕೆಯನ್ನು ಬೆಳಕಿಗೆ ಹಿಡಿದು ಹುಡುಕಿದರು. ಒಂದು ಸುಕ್ಕೂ ಸಿಗಲಿಲ್ಲ. ಅವರ ಕಣ್ಣು ಒದ್ದೆಯಾಯಿತು.

“ನನ್ನ ಜನ್ಮದಲ್ಲಿ ಇಂಥ ಕೆಲಸ ನೋಡಿಲ್ಲ ಕಣಯ್ಯ!”

ಮೀಟರಣ್ಣ ರಿಮೋಟ್ ಎತ್ತಿಕೊಂಡ. “ಹಾಗಾದ್ರೆ ಹಾರಿಸ್ಲಾ ಸಾರ್?”

“ಹಾರಿಸೋದಾ!” ಯಜಮಾನರು ವಿಮಾನವನ್ನು ಎದೆಗವಚಿಕೊಂಡರು. “ಬಿದ್ದು ಮುಕ್ಕಾದ್ರೆ? ಇದು ಸಂಘದ ಗಾಜಿನ ಬೀರುವಿನಲ್ಲಿರಲಿ. ಬಂದವರೆಲ್ಲ ನೋಡಿ ಕಲೀಲಿ!”

ನೆರೆದವರು ಚಪ್ಪಾಳೆ ತಟ್ಟಿದರು. ಯಜಮಾನರು ತಮ್ಮ ಕಾರಿನಿಂದ ಆನೆಯ ಚರ್ಮದಂತೆ ಸುಕ್ಕುಗಟ್ಟಿದ ವಿಮಾನವೊಂದನ್ನು ತಂದು ಆತನ ಕೈಗಿಟ್ಟು, ಭುಜ ತಟ್ಟಿದರು.

“ಇದಕ್ಕೂ ಒಂಚೂರು ಕೈಯಾಡಿಸಿ ಕೊಡಪ್ಪ. ನಾಳೆ ನಾನು ಹಾರಿಸ್ಬೇಕು.”