ಬೆಚ್ಚದ ಕೂಸುಗಳು ಮತ್ತು ನಮ್ಮ ಸಾರ್

ಎಳೆಗೂಸಿರುವ ಮನೆಗೆ ಯಂತ್ರ ಹಿಡಿದು ಹೋದವರಿಗೆ ನಗೆಪಾಟಲು ತಪ್ಪಿದ್ದಲ್ಲ. ನಾನು ಒಂದು ಸಂಶೋಧನೆಯಲ್ಲಿ ಸಹಾಯಕಿ. ಮಗು ಬೆಚ್ಚಿದಾಗ ಎದೆಬಡಿತ ಎಷ್ಟು ಏರುತ್ತದೆ, ಅಂಗಾಲು ಎಷ್ಟು ಬೆವರುತ್ತದೆ, ಸಮಾಧಾನವಾಗಲು ಎಷ್ಟು ಹೊತ್ತು ಬೇಕು ಎಂದು ಅಳೆಯುವುದು ನಮ್ಮ ಕೆಲಸ. ನಮ್ಮ ಸಾರ್ ಬೆಂಗಳೂರಿನವರು, ಮಕ್ಕಳ ಬಗ್ಗೆ ಬರೆದವರೇ ಹೊರತು ಎತ್ತಿಕೊಂಡವರಲ್ಲ. ಬೆಚ್ಚಿದಾಗ ಏರಿ, ಸಮಾಧಾನವಾದಾಗ ಇಳಿಯುವ ಯಂತ್ರದ ಚೊಕ್ಕ ಗೆರೆ ಒಂದನ್ನಾದರೂ ತಿಂಗಳೊಳಗೆ ಕೊಡದಿದ್ದರೆ ಯೋಜನೆ ಮುಚ್ಚುತ್ತೇವೆ ಎಂದು ಮೇಲಿನವರು ಹೇಳಿದ್ದರು. ಅದರ ಜೊತೆಗೆ ನನ್ನ ಕೆಲಸವೂ ಹೋಗುತ್ತಿತ್ತು.

೧. ಶಿಡ್ಲಘಟ್ಟದ ಎಣ್ಣೆನೀರು

ರೇಷ್ಮೆ ನೂಲು ತೆಗೆಯುವವರ ಮನೆ. ಮಗುವಿನ ಕಾಲು ಶುಚಿಯಾಗಿರಲಿ ಎಂದು ಹಿಂದಿನ ದಿನವೇ ಫೋನ್ ಮಾಡಿದ್ದೆ. ಅದೇ ತಪ್ಪಾಯಿತು. ಅಜ್ಜಿ ನೆತ್ತಿಯಿಂದ ಅಂಗಾಲಿನವರೆಗೆ ಹರಳೆಣ್ಣೆ ತಿಕ್ಕಿ, ಬಿಸಿನೀರು ಹುಯ್ದು, ಸಾಂಬ್ರಾಣಿ ಹೊಗೆ ಹಿಡಿದು ಮಲಗಿಸಿಬಿಟ್ಟಿದ್ದರು. ಅಂಗಾಲಿಗೆ ಅಂಟಿಸಿದ ಪಟ್ಟಿ ಜಾರಿ ಜಾರಿ ಬಿತ್ತು. ಕೊನೆಗೆ ಬಟ್ಟೆಯಲ್ಲಿ ಕಟ್ಟಿದೆ. ಮಗುವನ್ನು ಬೆಚ್ಚಿಸಲು ಸಾರ್ ಗಿಲಕಿ ಅಲ್ಲಾಡಿಸಿದರು, ಆಮೇಲೆ ತಟ್ಟೆ ಬಡಿದರು. ಪಕ್ಕದ ಮನೆಯವರು ಗಾಬರಿಯಾಗಿ ಓಡಿಬಂದರು, ಮಗು ಮಾತ್ರ ಮಿಸುಕಲಿಲ್ಲ.

“ಯಾಕ್ ಸಾರ್ ಕಷ್ಟ, ನೀವೂ ಒಸಿ ಹೊತ್ತು ಮಲ್ಕೊಳ್ಳಿ,” ಎಂದು ಅಜ್ಜಿ ಚಾಪೆ ಹಾಸಿದರು.

೨. ಚಿಂತಾಮಣಿಯ ಅಪರಿಚಿತ

ಗುರುತಿಲ್ಲದವರೊಬ್ಬರು ಮಾತಾಡದೆ ಬಂದು ಎದುರು ಕೂತರೆ ಮಗು ಬೆದರಬೇಕು. ಅಪರಿಚಿತನ ಪಾತ್ರ ಸಾರ್ ಅವರದೇ. ಆದರೆ ಮನೆಗೆ ಬಂದವರನ್ನು ಮಾತಾಡಿಸದೆ ಕೂರಿಸುವ ಪದ್ಧತಿ ಆ ಕಡೆ ಎಲ್ಲಿದೆ? “ಏ ಊರು ನಾಯನಾ ಮೀದಿ?” ಎಂದು ಅಜ್ಜಿ ತೆಲುಗಿನಲ್ಲಿ ಊರು ವಿಚಾರಿಸಿದರು. ಸಾರ್ ಬಾಯಿತಪ್ಪಿ ತಾಯಿಯ ತವರೂರು ಹೇಳಿಬಿಟ್ಟರು. ತಾಯಿ ಯಾರ ಮಗಳು, ಎಲ್ಲಿಗೆ ಕೊಟ್ಟದ್ದು ಎಂದು ಅಜ್ಜಿ ಕೆದಕಿ, ಎರಡೇ ನಿಮಿಷದಲ್ಲಿ ಅವರನ್ನು ಮಗುವಿನ ಸೋದರಮಾವ ಮಾಡಿ, ಕೂಸನ್ನು ಮಡಿಲಿಗೆ ಹಾಕಿದರು. ಕೂಸು ನಗುನಗುತ್ತಲೇ ಅವರ ಪ್ಯಾಂಟು ನೆನೆಸಿತು. ಬೆದರಿಸಲು ಹೋದವರು ಕಿವಿ ಚುಚ್ಚುವ ದಿನ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲು ಒಪ್ಪಿ ಬಂದರು.

೩. ಚಿಕ್ಕಬಳ್ಳಾಪುರದ ಮೆಣಸಿನಕಾಯಿ

ತಿಂಗಳ ಕೊನೆಯ ದಿನ, ಕೊನೆಯ ಮಗು. ಪಟ್ಟಿ ಕಂಡದ್ದೇ ಅದು ಕಿರುಚತೊಡಗಿತು. ಮೊದಲು ನೀವು ಕಟ್ಟಿಕೊಂಡು ತೋರಿಸಿ, ಮಗುವಿಗೆ ಭಯ ಹೋಗುತ್ತದೆ ಎಂದರು ಅಜ್ಜಿ. ಸಾರ್ ಬೆರಳಿಗೆ ಕಟ್ಟಿಕೊಂಡರು, ನಾನು ಯಂತ್ರ ಹಾಕಿದೆ. ಅಳು ನಿಲ್ಲಲಿಲ್ಲ. ದೃಷ್ಟಿಯೇ ಇರಬೇಕೆಂದು ಅಜ್ಜಿ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದರು. ಇದೆಲ್ಲ ಮೂಢನಂಬಿಕೆ ಎಂದು ಸಾರ್ ನನಗೆ ಇಂಗ್ಲಿಷಿನಲ್ಲಿ ವಿವರಿಸತೊಡಗಿದರು. ಮೆಣಸಿನಕಾಯಿ ಕರಕಲಾದರೂ ಒಬ್ಬರೂ ಕೆಮ್ಮಲಿಲ್ಲ. ಘಾಟು ಬರಲಿಲ್ಲವೆಂದರೆ ದೃಷ್ಟಿ ತಾಗಿದ್ದು ಖಂಡಿತ. ಮನೆಮಂದಿಯೆಲ್ಲ ಸಾರ್ ಕಡೆ ತಿರುಗಿದರು.

“ನಿಮ್ ಕಣ್ಣೇ ಸಾರ್. ಮೂರು ಸಲ ಥೂ ಅಂದ್ಬುಡಿ, ಸರಿಹೋಗ್ತದೆ,” ಎಂದರು ಅಜ್ಜಿ.

ಸಾರ್ ಹಣೆಯಲ್ಲಿ ಬೆವರೊಡೆಯಿತು. ಪಟ್ಟಿ ಇನ್ನೂ ಅವರ ಬೆರಳಲ್ಲೇ ಇತ್ತು, ಯಂತ್ರದ ಗೆರೆ ಸರಸರನೆ ಮೇಲೇರಿತು. ಅವರು ಒಂದು ಸಲ ಥೂ ಎಂದರು, ಎರಡು ಸಲ ಎಂದರು. ಮೂರನೆಯದಕ್ಕೆ ಮಗು ಅಳು ನಿಲ್ಲಿಸಿ ಕೇಕೆ ಹಾಕಿತು. ಅಜ್ಜಿ ಪಾಪ ಎಂದು ಸಾರ್ ಬೆನ್ನು ಸವರಿದರು. ಗೆರೆ ಮೆಲ್ಲಗೆ ಇಳಿದು ಸಮವಾಯಿತು.

ಅಷ್ಟು ಚೊಕ್ಕ ಗೆರೆಯನ್ನು ನಾವು ಕಂಡೇ ಇರಲಿಲ್ಲ. ಸಾರ್ ಅದನ್ನೇ ಬಹಳ ಹೊತ್ತು ನೋಡಿದರು. ಕಳಿಸಲು ನಮ್ಮಲ್ಲಿ ಬೇರೇನೂ ಇರಲಿಲ್ಲ. ನಾನು ಫಾರಂ ತೆಗೆದು, ಮಗುವಿನ ವಯಸ್ಸು ಎಂದಿರುವ ಕಡೆ ಏನು ಬರೆಯಲಿ ಎಂದು ಕೇಳಿದೆ.

“ಮೂವತ್ತೆಂಟು ಅಂತ ಬರಿ,” ಎಂದರು ಸಾರ್. “ವಾರಾನೋ ವರ್ಷಾನೋ ಅಂತ ಅವರು ಕೇಳಿದ್ರೆ ಆಮೇಲೆ ನೋಡೋಣ.”