ಹಸಿರು ಬೈಕು

ಇದು ಖರೇ ನಡೆದ ಕತೆ; ಉಪ್ಪು-ಖಾರ ಮಾತ್ರ ಹೇಳುವವರದು.

ಭಾನುವಾರ ಬೆಳಿಗ್ಗೆ ಮೊಬೈಲಿಗೆ ಬಂದ ಒಂದು ಸುದ್ದಿ ಗುಮಾಸ್ತ ಬುದ್ಧಪ್ರಿಯನ ಚಹಾ ಆರಿಸಿಬಿಟ್ಟಿತು. 'ಮೋಟಾರ್ ಮಹಾರಾಜ' ಆಟದ ಒಂಬತ್ತನೆಯ ಭಾಗಕ್ಕೆ ಕಂಟ್ರೋಲರೇ ಇಲ್ಲವಂತೆ. ಕ್ಯಾಮೆರಾದ ಮುಂದೆ ಬರೀ ಕೈ ಬೀಸಿದರೆ ಸಾಕಂತೆ!

ಮೊದಲ ಭಾಗವನ್ನು ಅವನು ಚಿಕ್ಕಂದಿನಲ್ಲಿ ಅಕ್ಕ ಪಂಚಶೀಲಾಳ ಜೊತೆ ಆಡಿದ್ದ. ಒಂದೇ ಚಾಪೆ, ಭುಜಕ್ಕೆ ಭುಜ, ಇಬ್ಬರ ಕೈಯಲ್ಲೂ ಒಂದೊಂದು ಕಂಟ್ರೋಲರ್. ಕೆಂಪು ಬೈಕು ಅವಳದು, ಹಸಿರು ಇವನದು. ಅಕ್ಕ ಬರಲಿ ಎಂದು ಕಾಯುತ್ತ ಮುಂದಿನ ಏಳು ಭಾಗಗಳನ್ನು ಮುಟ್ಟಿಯೂ ಇರಲಿಲ್ಲ. ಸುರಪುರದಲ್ಲಿ ಟೀಚರ್ ಆಗಿದ್ದ ಅವಳಿಗೆ ಫೋನ್ ಹಚ್ಚಿದ.

"ಅಕ್ಕಾ, ಒಮ್ಮಿ ಬಾ. ಮೊದಲಿನ್ಹಂಗ ಕುಂತು ಆಡಾಮು."

"ಹುಚ್ಚ ಇದ್ದೀ ಏನು? ಪೇಪರ್ ತಿದ್ದಾದು ರಾಶಿ ಬಿದ್ದದ." ಫೋನ್ ಕಟ್ಟಾಯಿತು.

ಅವನಿದ್ದ ಭೀಮರಾಯನಗುಡಿಯ ಕ್ವಾರ್ಟರ್ಸಿನ ಗೋಡೆ ತೆಳು. ಪಕ್ಕದ ಮನೆಯ ಹುಲಗಪ್ಪನ ಕಿವಿ ಉದ್ದ. ಮಧ್ಯಾಹ್ನ ಬಂದು ಕೈ ಹಿಡಿದೆಳೆದ.

"ಬರ್ರಿ ಸಾಹೇಬ್ರ! ನಿಮ್ಮ ಒಂಬತ್ತನೇದು ನಮ್ಮ ಮನ್ಯಾಗ ಬಂದದ. ಕೈ ಬೀಸ್ರಿ, ಗಾಡಿ ಓಡ್ತದ!"

ಬುದ್ಧಪ್ರಿಯ ಟಿವಿಯ ಮುಂದೆ ನಿಂತು ಎಡಕ್ಕೆ ಬೀಸಿದ. ಬೈಕು ಎಡಕ್ಕೆ ಹೊರಳಿತು. ಬಲಕ್ಕೆ ಬೀಸಿದ, ಬಲಕ್ಕೆ. ಜೋಳದ ಹೊಲದಲ್ಲಿ ಹಕ್ಕಿ ಓಡಿಸುವವನಂತೆ ಶುರುವಿಟ್ಟುಕೊಂಡ.

"ಸೊಂಟಾನೂ ತಿರುವ್ರಿ!" ಎಂದ ಹುಲಗಪ್ಪ. ಅವನ ಹೆಂಡತಿ ದೇವಕಮ್ಮ ಬಾಯಿಗೆ ಸೆರಗು ತುರುಕಿಕೊಂಡಳು. ಒಂದು ಬೀಸಿಗೆ ಕ್ಯಾಲೆಂಡರ್ ಬಿತ್ತು, ಇನ್ನೊಂದಕ್ಕೆ ಶೇಂಗಾದ ತಟ್ಟೆ. ಬೆವರು ಒರೆಸಿಕೊಳ್ಳಲು ಕೈ ಇಳಿಸಿದ. ಬೈಕು ಮಾತ್ರ ತನ್ನಷ್ಟಕ್ಕೆ ತಿರುವು ದಾಟಿ ಗೆದ್ದೇಬಿಟ್ಟಿತು.

ಅಡುಗೆಮನೆಯ ಪರದೆ ಸರಿಸಿ, ಕಂಟ್ರೋಲರ್ ಹಿಡಿದು ಪಂಚಶೀಲಾ ಹೊರಬಂದಳು. ಹುಲಗಪ್ಪ ಅವಳಿಗೆ ಫೋನ್ ಮಾಡಿ ಬಸ್ಸಿನಲ್ಲಿ ಕರೆಸಿಕೊಂಡಿದ್ದ. ಟಿವಿಯಲ್ಲಿದ್ದುದು ಒಂಬತ್ತನೆಯದಲ್ಲ, ಕಂಟ್ರೋಲರಿನ ಹಳೆಯ ಭಾಗ; ಪರದೆಯ ಸಂದಿಯಿಂದ ನೋಡುತ್ತ ಬೈಕು ಓಡಿಸಿದ್ದು ಅವಳೇ. ಮನೆ ತುಂಬ ನಗೆ.

"ನಗ್ರಿ, ನಗ್ರಿ," ಎಂದ ಬುದ್ಧಪ್ರಿಯ. "ಆವಾಗರ ಹಸಿರು ಗಾಡಿ ನಾನೇ ಓಡಸ್ತಿದ್ದೆ, ಹೌದಿಲ್ಲಕ್ಕಾ?"

ಪಂಚಶೀಲಾ ನೆಲ ನೋಡಿದಳು. "ತಮ್ಮಾ... ನಿನ್ನ ಕಂಟ್ರೋಲರಿನ ವಯರ್ ನಾ ಒಂದಿನಾನೂ ಹಚ್ಚಿರಲಿಲ್ಲೋ. ಹಸಿರು ಗಾಡಿ ಮಷೀನೇ ಓಡಸ್ತಿತ್ತು. ಆರು ವರ್ಷದವ, ಬಟನ್ ಒತ್ತಿ ಒತ್ತಿ ಕುಣೀತಿದ್ದಿ. ಹ್ಯಾಂಗ ಹೇಳ್ಲಿ?"

ಮೂವತ್ತು ವರ್ಷ ಹಂಬಲಿಸಿದ ಆಟವನ್ನು ಅವನು ಒಂದು ದಿನವೂ ಆಡಿರಲೇ ಇಲ್ಲ.

"ಹಂಗಾರ ಈಗರ ಕೊಡು," ಎಂದು ಕೈ ಚಾಚಿದ.

ಅಕ್ಕ ಕಂಟ್ರೋಲರನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು. "ತಡಿ, ಇದೊಂದು ಆಟ ನಂದು."

ಬುದ್ಧಪ್ರಿಯನ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಭುಜ. ಕಣ್ಣೊರೆಸಿಕೊಳ್ಳುತ್ತ ಅವಳ ಪಕ್ಕಕ್ಕೇ ಕುಸಿದು ಕೂತು ಅವನು ನಕ್ಕ ನಗೆಯಲ್ಲಿ ಉಳಿದವರ ನಗೆ ಯಾರಿಗೂ ಕೇಳಿಸಲಿಲ್ಲ.